ಅಮ್ಮ ಮಾತು ತಿರುಗಿಸಿದ ಮೂರು ಜಾಗ

ತುಮಕೂರು
೧೪ ಜುಲೈ ೨೦೨೫, ಸೋಮವಾರ ಮಧ್ಯಾಹ್ನ

ಅಮ್ಮಾ,

ನಿನ್ನ ನಂದಿತಾ ಮಾಡುವ ನಮಸ್ಕಾರ. ಇಲ್ಲಿ ಕ್ಷೇಮ ಅಂತ ಬರೆಯಲು ಕೈ ಏಳುತ್ತಿಲ್ಲ. ಮೊದಲು ಒಂದೇ ಪ್ರಶ್ನೆ: ಗುಬ್ಬಿಯ ಡಾಕ್ಟರು ನಿನಗೆ ಏನು ಹೇಳಿದರು? ಫೋನಿನಲ್ಲಿ ಕೇಳಿದರೆ ಇನ್ನೆಲ್ಲಿಗೋ ಹೊರಟುಬಿಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ನಾಗೇಶ ಅಂತರಸನಹಳ್ಳಿಯಲ್ಲಿ ಶಿಫ್ಟ್ ಮುಗಿಸಿ ಸಂಜೆ ಕಡಬದ ಮನೆಗೆ ಬರುವಾಗ ಅವನ ಕೈಯಲ್ಲಿ ಕಳಿಸುತ್ತೇನೆ.

ನನಗೆ ಹೇಗೆ ಗೊತ್ತಾಯಿತು ಅಂತೀಯಾ? ಹೇಳಲು ನಾಚಿಕೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಜಪಾನಿ ಎಂಜಿನಿಯರುಗಳ ಮಾತು ಅನುವಾದಿಸುವುದರ ಜೊತೆಗೆ, ಜಪಾನಿನ ಪ್ರೊಫೆಸರ್ ಹಯಾಶಿದಾ ಮೇಡಂ ಅವರ ಪದಕೋಶದ ಕೆಲಸವನ್ನೂ ಒಪ್ಪಿಕೊಂಡಿದ್ದೆನಲ್ಲ. ಜನ ಉದ್ದಕ್ಕೆ ಮಾತಾಡುವಾಗ ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಿರುಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ, ಎಲ್ಲಕ್ಕೂ ಜಪಾನಿಯಲ್ಲಿ ಒಂದೊಂದು ಹೆಸರು. ಅವನ್ನು ಇಂಗ್ಲಿಷಿಗೆ ತಂದು, ನಿಜವಾದ ಮಾತಿನ ಉದಾಹರಣೆ ಕೊಡಬೇಕು. ಮಾತಿಗೆ ನಿನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ? ಹೋದ ತಿಂಗಳು ನಿನಗೆ ಹೇಳಿಯೇ ಜಗಲಿಯ ಮೇಲೆ ಫೋನ್ ಇಟ್ಟು ನಲವತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ.

‘ವದಾಯ್ ತೆಂಕಾನ್’ ಅಂತ ಒಂದು ಪದವಿದೆ. ಹಿಡಿದ ಮಾತು ಬಿಟ್ಟು ಬೇರೆ ಮಾತಿಗೆ ಹೋಗುವುದು. ಇಂಗ್ಲಿಷಿನಲ್ಲಿ ಟಾಪಿಕ್ ಶಿಫ್ಟ್ ಅಂತ ಬರೆದು, ಕೆಳಗೆ ನಿನ್ನ ಮಾತು ಹಾಕಿದೆ: “ಮೊನ್ನೆ ಗುಬ್ಬಿಗೋಗಿದ್ನಾ, ಡಾಕ್ಟ್ರು ಏನಂದ್ರು ಗೊತ್ತೇನೇ... ಅದ್ಬುಡು, ಈ ಸಲ ಕೊಬ್ರಿ ಚೆನ್ನಾಗ್ ಬಂದೈತೆ ಕಣೇ.” ಇಂಥವು ಮೂರು ಸಿಕ್ಕವು. ಎರಡನೇ ಸಲ ನೀನು ಡಾಕ್ಟರ ಮಾತು ಬಿಟ್ಟು ಎಮ್ಮೆಯ ಮಾತಿಗೆ ಹೋದೆ, ಮೂರನೇ ಸಲ ಕುಣಿಗಲ್ಲಿನ ಪ್ರೇಮಲತಾ ಚಿಕ್ಕಮ್ಮನ ಹೊಸ ಮನೆಗೆ. ನೀನು ಸುಮ್ಮನಿದ್ದ ಸೆಕೆಂಡುಗಳನ್ನೂ ಗಡಿಯಾರ ಹಿಡಿದು ಎಣಿಸಿದೆ ಅಮ್ಮಾ. ಎಂಥಾ ಒಳ್ಳೆಯ ಉದಾಹರಣೆ ಅಂತ ಹಿಗ್ಗಿ, ಆ ಮೂರೂ ಜಾಗದ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಮೇಡಂಗೆ ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಇವತ್ತು ಬೆಳಿಗ್ಗೆ ಮೇಡಂ ಮೇಲ್ ಬಂತು. ಪದದ ವಿಚಾರವೇ ಇಲ್ಲ. ಕನ್ನಡದ ಒಂದಕ್ಷರ ಬಾರದ, ನಿನ್ನ ಮುಖ ಕಾಣದ ಹೆಂಗಸು ಅದು. ನಿಮ್ಮ ತಾಯಿ ಮೂರು ಸಲ ಡಾಕ್ಟರ ಮಾತು ತೆಗೆದಿದ್ದಾರೆ, ನೀವು ಒಂದು ಸಲವೂ ಏನಾಯಿತೆಂದು ಕೇಳಿಲ್ಲ, ಅವರು ಹುಷಾರಾಗಿದ್ದಾರೆಯೇ ಅಂತ ಬರೆದಿದ್ದಾರೆ. ಎದುರಿಗೇ ಕೂತಿದ್ದೆನಲ್ಲ! ನಡುವೆ ಮಾತಾಡಿದರೆ ರೆಕಾರ್ಡಿಂಗ್ ಕೆಡುತ್ತದೆ ಅಂತ ತುಟಿ ಹೊಲಿದುಕೊಂಡು ಕೂತಿದ್ದೆ.

ಗ್ಯಾಸ್ಟ್ರಿಕ್ ಇರಬಹುದು, ಬಿ.ಪಿ. ಇರಬಹುದು ಅಂದುಕೊಳ್ಳುತ್ತೇನೆ, ಮರುಕ್ಷಣವೇ ಇನ್ನೇನೋ ಕೆಟ್ಟದ್ದು ತಲೆಗೆ ಬರುತ್ತದೆ. ನಾಳೆ ರಜೆ ಹಾಕಿದ್ದೇನೆ, ಮೊದಲ ಬಸ್ಸಿಗೆ ಬರುತ್ತೇನೆ. ಡಾಕ್ಟರು ಕೊಟ್ಟ ಚೀಟಿಗಳನ್ನೆಲ್ಲ ತೆಗೆದಿಡು. ಎಷ್ಟು ಬೇಕಾದರೂ ಬೈಯಿ, ಮಾತು ಮಾತ್ರ ತಿರುಗಿಸಬೇಡ. ನನಗೆ ತುಂಬಾ ಭಯವಾಗುತ್ತಿದೆ ಅಮ್ಮಾ.

ಎದುರಿಗಿದ್ದೂ ಕೇಳದ ನಿನ್ನ ಮಗಳು,
ನಂದಿತಾ

ತಾ.ಕ.: ಕವರು ಅಂಟಿಸುವ ಮೊದಲು ರೆಕಾರ್ಡಿಂಗ್ ಮತ್ತೆ ಹಾಕಿದೆ. ಕೊನೆಯಲ್ಲಿ ನಾನು ಕಾಫಿ ಕಾಯಿಸಲು ಒಳಗೆ ಹೋದಾಗ ಫೋನ್ ಓಡುತ್ತಲೇ ಇತ್ತು. ಪಕ್ಕದ ಮನೆಯ ನರಸಮ್ಮ ಬಂದಿದ್ದರು. ಕೆಲಸಕ್ಕೆ ಬೇಡದ ಭಾಗ ಅಂತ ನಾನು ಅದನ್ನು ಕೇಳಿಯೇ ಇರಲಿಲ್ಲ. “ಎದೇಲಿ ಗಡ್ಡೆ ಐತೆ ಅಂದವ್ರೆ ಕಣಕ್ಕ. ಇವ್ಳಿಗೆ ಹೇಳ್ಬುಡಾನ ಅಂತ ಬಾಯಿಗ್ ಬತ್ತದೆ, ಆಗಕಿಲ್ಲ. ಪಾಪ, ಅದೇನೋ ಜಪಾನ್ ಕೆಲ್ಸ ಹಿಡ್ಕೊಂಡವ್ಳೆ, ಅದು ಮುಗೀಲಿ ಬುಡು” ಅಂದಿದ್ದೀಯ. ನಾಳೆಯಲ್ಲ, ಇವತ್ತೇ ನಾಗೇಶನ ಬೈಕಿನಲ್ಲಿ ನಾನೂ ಬರುತ್ತಿದ್ದೇನೆ. ಕೆಲಸ ಮುಗಿಯಿತು ಅಮ್ಮಾ.