ತಂತಿ ಬಿಚ್ಚುವ ದಿನ

ಹುಡುಗಿಯರ ಹಾಸ್ಟೆಲ್, ಮೇಲಿನ ಮಹಡಿ
ನವೆಂಬರ್ ೯, ಭಾನುವಾರ

ಪ್ರೀತಿಯ ಅಪ್ಪನಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿ. ಲಕೋಟೆ ನೋಡಿ ಗಾಬರಿಯಾಗಬೇಡಿ, ಆಗಬೇಕಾದ ಅನಾಹುತ ಆಗಲೇ ಆಗಿಹೋಗಿದೆ. ಮೆಸೇಜ್ ಕಳಿಸಬಹುದಿತ್ತು. ಆದರೆ ನಾನು ಎಷ್ಟುದ್ದ ಬರೆದರೂ ನೀವು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀರಿ. ಫೋನ್ ಮಾಡೋಣವೆಂದರೆ ಮೇಲಿನ ದವಡೆಗೂ ಕೆಳಗಿನ ದವಡೆಗೂ ಸೇರಿಸಿ ತಂತಿ ಬಿಗಿದಿದ್ದಾರೆ. ನನ್ನ ಮಾತು ಈಗ ಕುಕ್ಕರ್ ಉಸಿರುಬಿಟ್ಟ ಹಾಗೆ ಕೇಳುತ್ತದೆ.

ವಿಷಯ ಇಷ್ಟೇ. ಇಪ್ಪತ್ತೆಂಟಕ್ಕೆ ತಂತಿ ಬಿಚ್ಚುತ್ತಾರೆ, ಮನೆಯವರು ಒಬ್ಬರು ಇರಲೇಬೇಕಂತೆ. "ಅವಳ ಮಾವನ್ನ ಕಳಿಸ್ತೀನಿ" ಎಂದು ನೀವು ವಾರ್ಡನ್‌ಗೆ ಹೇಳಿದಿರಂತೆ. ಮಾವ ಒಳ್ಳೆಯವರೇ. ಮೂರನೇ ಕ್ಲಾಸಿನಿಂದ ಎಲ್ಲ ಹಾಸ್ಟೆಲಿಗೂ ಅವರೇ ತಂದುಬಿಟ್ಟು ಅವರೇ ಕರೆದುಕೊಂಡು ಹೋಗಿದ್ದಾರೆ. ಈ ಸಲ ಮಾತ್ರ ನೀವೇ ಬರಬೇಕು.

ದವಡೆ ಮುರಿದದ್ದು ಹೇಗೆಂದು ವಾರ್ಡನ್ ಅರ್ಧವಷ್ಟೇ ಹೇಳಿರುತ್ತಾರೆ. ನಮ್ಮ ಡೆಂಟಲ್ ಕಾಲೇಜಿನ ಫಸ್ಟ್ ಇಯರಿನವರಿಗೆ ಹಲ್ಲು ಕೀಳುವುದನ್ನು ತೋರಿಸಲು ಸರ್ಜನ್ ಸರ್ ಕರೆದುಕೊಂಡು ಹೋಗಿದ್ದರು. ಗೋಡೆ ಪಕ್ಕ ನಿಂತು ನೋಡುವುದಷ್ಟೇ ಕೆಲಸ. ಕುರ್ಚಿಯಲ್ಲಿ ಒಬ್ಬ ಬಸ್ ಕಂಡಕ್ಟರ್. ರಕ್ತ ನೋಡಿ ನನಗೇನೂ ಆಗಲಿಲ್ಲ, ಪ್ರಾಮಿಸ್. ಹಲ್ಲು ಬುಡದಿಂದ ಸಡಿಲವಾದಾಗ 'ಕಟಕ್' ಎಂದಿತಲ್ಲ, ಅಲ್ಲಿಗೆ ನನ್ನ ಕರೆಂಟ್ ಹೋಯಿತು. ಬೀಳುವಾಗ ಗದ್ದ ಟ್ರೇ ಸ್ಟ್ಯಾಂಡಿಗೆ ಬಡಿಯಿತು. ಕಣ್ಣು ಬಿಟ್ಟರೆ ಕಂಡಕ್ಟರೇ ಕುರ್ಚಿಯಿಂದಿಳಿದು, ಬಾಯಿತುಂಬ ಹತ್ತಿ ಇಟ್ಟುಕೊಂಡು, "ಮೊದ್ಲು ಈ ಮಗೂನ ನೋಡಿ ಡಾಕ್ಟ್ರೇ, ನಾನು ನಿಂತ್ಕೊಂಡು ಅಡ್ಜಸ್ಟ್ ಮಾಡ್ಕೋತೀನಿ" ಎನ್ನುತ್ತಿದ್ದರು.

"ಡಾಕ್ಟರ್ ಆಗ್ತೀನಿ ಅಂತ ಬಂದು ಪೇಷಂಟ್ ಸೀಟು ಹಿಡಿದ್ಯಲ್ಲಮ್ಮಾ!" ಎಂದರು ಸರ್.

ಮುರಿದ ದವಡೆಗೆ ತಂತಿ ಬಿಗಿಯುವ ಮೊದಲು ಹಲ್ಲುಗಳು ಹಿಂದೆ ಹೇಗೆ ಒಂದರ ಮೇಲೊಂದು ಕೂರುತ್ತಿದ್ದವೋ ಹಾಗೆಯೇ ಕೂರಿಸಬೇಕು. ತಪ್ಪಿದರೆ ಜನ್ಮವಿಡೀ ಸೊಟ್ಟ. ನಮ್ಮಲ್ಲಿ ಸೇರಿದ ಹೊಸದರಲ್ಲೇ ಒಬ್ಬರ ಹಲ್ಲಿನ ಅಚ್ಚನ್ನು ಇನ್ನೊಬ್ಬರು ಪ್ಲಾಸ್ಟರಿನಲ್ಲಿ ಮಾಡಿಕೊಡುವ ಪ್ರಾಕ್ಟಿಕಲ್ ಇರುತ್ತದೆ. ನನ್ನದನ್ನು ಮಾಡಿದವಳು ನನ್ನ ರೂಮ್‌ಮೇಟ್. "ಆ ಅಚ್ಚು ತನ್ನಿ" ಎಂದು ಸರ್ ಹುರುಪಿನಿಂದ ತರಿಸಿದರು. ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಚ್ಚು ನೋಡುತ್ತ ನನ್ನ ಗದ್ದವನ್ನು ಹಿಂದಕ್ಕೆ ತಳ್ಳಿದರು. ಕೂರಲಿಲ್ಲ. ಎಡಕ್ಕೆ ತಿರುಗಿಸಿದರು. ಊಹೂಂ. ನನ್ನ ಕ್ಲಾಸಿನವರೆಲ್ಲ ಇಣುಕಿ ಇಣುಕಿ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಆ ಅಚ್ಚು ನನ್ನ ಮುಖದ ಹತ್ತಿರ ಬಂದಾಗ ನೋಡುತ್ತೇನೆ, ಅದು ನನ್ನ ಬಾಯೇ ಅಲ್ಲ! "ಆಆ ಆಆ" ಎಂದೆ.

"ನೋವಾಗಲ್ಲಮ್ಮಾ, ಸುಮ್ನಿರು" ಎಂದು ಸರ್ ಇನ್ನಷ್ಟು ತಳ್ಳಿದರು.

ಕೊನೆಗೆ ಅವರಿಗೂ ಅನುಮಾನ ಬಂದು ನಿಮಗೆ ಫೋನ್ ಮಾಡಿಸಿದರು. ನಿಮ್ಮ ವರ್ಕ್‌ಶಾಪಿನ ಲೇತ್ ಮಿಷನ್ ಗಲಾಟೆಯಲ್ಲಿ ಏನು ಮಾತಾಯಿತೋ, ಬಿಡಿ. ಫೋನ್ ಇಟ್ಟ ಮೇಲೆ ಹಿಂದಿನಿಂದ ಅಳು ಕೇಳಿಸಿತು. ರೂಮ್‌ಮೇಟ್.

"ಸರ್, ಅದು ನನ್ ಹಲ್ಲು ಸರ್."

"ಏನು?"

"ಇವಳ ಅಚ್ಚು ಕೈಜಾರಿ ಬಿದ್ದು ಪುಡಿಪುಡಿ ಆಯ್ತು ಸರ್. ಅವತ್ತೇ ಕೊಡ್ಬೇಕಿತ್ತು. ನಂದೇ ಇನ್ನೊಂದು ಹೊಯ್ದು ಇವಳ ನಂಬರ್ ಬರೆದ್ಬಿಟ್ಟೆ."

ಸರ್ ಅಚ್ಚನ್ನೂ ಅವಳನ್ನೂ ನೋಡಿದರು. "ಇದಕ್ಕೆ ನಾನು ಒಳ್ಳೇ ಮಾರ್ಕ್ಸ್ ಬೇರೆ ಕೊಟ್ಟಿದ್ದೀನಲ್ಲೇ! ಇನ್ನೊಂದು ಸ್ವಲ್ಪ ತಡ ಮಾಡಿದ್ರೆ ನಿನ್ ಬಾಯೇ ಇವಳಿಗೆ ಫಿಟ್ ಮಾಡ್ತಿದ್ದೆ."

"ಇವಳದು ಕೆಳಗಿನ ಹಲ್ಲು ಒಂಚೂರು ಮುಂದೆ ಸರ್. ಬಲಗಡೆ ಜಾಸ್ತಿ. ಜೋರಾಗಿ ನಕ್ಕಾಗ ಕಾಣತ್ತೆ" ಎಂದಳು. ಸರ್ ಆ ಪ್ರಕಾರ ಹಿಡಿದು, ಮೇಲಿನ ಹಲ್ಲಿನ ಸವೆತಕ್ಕೆ ಕೆಳಗಿನ ಸವೆತ ಸರಿಯಾಗಿ ಸೇರುವುದನ್ನು ನೋಡಿಕೊಂಡು ತಂತಿ ಬಿಗಿದರು.

ಈಗ ಅವಳೇ ನನ್ನ ನರ್ಸು. ಸಿಕ್ಕಿದ್ದನ್ನೆಲ್ಲ ಮಿಕ್ಸಿಗೆ ಹಾಕಿ ಸ್ಟ್ರಾ ಕೊಡುತ್ತಾಳೆ. ವಾಂತಿ ಬಂದರೆ ತಕ್ಷಣ ತಂತಿ ಕತ್ತರಿಸಬೇಕೆಂದು ಕುತ್ತಿಗೆಗೊಂದು ಇಕ್ಕಳ ನೇತುಹಾಕಿದ್ದಾರೆ. ನನ್ನನ್ನು ಈಗ ನೋಡಿದವರು ನಿಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವಳು ಎಂದುಕೊಳ್ಳಬೇಕು. ಹಾಸ್ಟೆಲಿನಲ್ಲಿ ನನ್ನ ಹೆಸರು 'ಬೀಗ'. ಜಗಳವಾದಾಗ ಎಲ್ಲರೂ ನನ್ನ ಹತ್ತಿರವೇ ಚಾಡಿ ಹೇಳುತ್ತಾರೆ, ಯಾರಿಗೂ ಹೇಳಲಾರೆ ಎಂಬ ಧೈರ್ಯ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅಗಿಯಲು ಆಗುವವರೇ ಪುಣ್ಯವಂತರು. ಮಿಷನ್ ಮುಂದೆ ಕನ್ನಡಕ ಹಾಕಿಕೊಳ್ಳಿ. ದೇವರು ನಿಮ್ಮನ್ನೂ ಮಾವನನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು

ಮರೆತಿದ್ದೆ: ಅವತ್ತು ಆಸ್ಪತ್ರೆಯ ನರ್ಸ್ ಕೈಗೆ ಗ್ಲೌಸ್ ಇತ್ತೆಂದು ಫೋನ್ ಸ್ಪೀಕರಿಗೆ ಹಾಕಿದ್ದರು. "ನಿಮ್ ಮಗಳಿಗೆ ಮೇಲಿನ ಹಲ್ಲು ಮುಂದಿತ್ತಾ, ಕೆಳಗಿಂದಾ?" ಎಂದು ಸರ್ ಕೇಳಿದರು. ನೀವು ಮಿಷನ್ ನಿಲ್ಲಿಸಿದಿರಿ. ಆಮೇಲೆ, "ಗೊತ್ತಿಲ್ಲ ಸರ್. ಅವಳು ನಗೋದನ್ನ ಸರಿಯಾಗಿ ನೋಡಿಲ್ಲ ನಾನು" ಎಂದಿರಿ. ಮರಗಟ್ಟಿದ್ದು ನನ್ನ ದವಡೆ ಅಪ್ಪ, ಕಿವಿಯಲ್ಲ. ಸಿಟ್ಟೇನಿಲ್ಲ. ತಂತಿ ಬಿಚ್ಚಿದ ತಕ್ಷಣ ನಗಲು ಆಗುವುದಿಲ್ಲವಂತೆ, ಸ್ವಲ್ಪ ಹೊತ್ತು ಬೇಕಂತೆ. ಅಷ್ಟು ಹೊತ್ತು ಕೂರುವ ಹಾಗೆ ಬನ್ನಿ. ಬರುತ್ತೀರಾ, ಇಲ್ಲವಾ? ಬೇಗ ಉತ್ತರ ಬರೆಯಿರಿ.