ಕಾರಿನ ತಂತಿಗೆ ಕೊಬ್ಬರಿ ಎಣ್ಣೆ

ಶ್ರೀ ಗುರುಬಸವಲಿಂಗಾಯ ನಮಃ

ತಿಪಟೂರು
೧೮–೧೨–೨೦೨೪, ಬುಧವಾರ

ಚಿರಸೌಭಾಗ್ಯವತಿ ದ್ರಾಕ್ಷಾಯಣಿಗೆ ಪರಮಶಿವಯ್ಯನು ಪ್ರೀತಿಪೂರ್ವಕವಾಗಿ ಬರೆಯುವುದೇನೆಂದರೆ,

ಇಲ್ಲಿ ಎಲ್ಲರ ದೇಹಸ್ಥಿತಿಯೂ ನೆಟ್ಟಗಿದೆ. ನಿನ್ನ ಅಕ್ಕ ಗಿರಿಜಾಂಬಿಕಾ ಅವರ ಕಾಲಿನ ಮೂಳೆ ಕೂಡಿಕೊಂಡು, ಅವರು ಕೋಲು ಹಿಡಿದು ಹಜಾರದವರೆಗೆ ನಡೆದರೆಂದು ಸೊಸೆ ಇಂಪನಾ ಹೇಳಿದಳು. ಕೇಳಿ ಸಂತೋಷವಾಯಿತು. ದೀಪಾವಳಿ ಮುಗಿಸಿ ನೀನು ಅವರ ಆರೈಕೆಗೆಂದು ಶೆಟ್ಟಿಕೆರೆಗೆ ಹೋದಂದಿನಿಂದ ಒಂದು ಕಾಗದವನ್ನೂ ಬರೆಯದೆ ಇದ್ದುದಕ್ಕೆ ಮನ್ನಿಸಬೇಕು. ಫೋನು ಇದೆಯಲ್ಲ ಎನ್ನುವೆ. ಬಸವಕುಮಾರನು ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಇಟ್ಟುಬಿಡುತ್ತಾನೆ. ಹೆಂಡತಿಗೆ ಹೇಳಬೇಕಾದ ಮಾತನ್ನು ಮಗ ಸೊಸೆಯರ ಎದುರಿಗೆ ಹೇಳುವುದು ಹೇಗೆ? ಅದೂ ಅಲ್ಲದೆ, ತುರುವೇಕೆರೆ ತಾಲ್ಲೂಕು ಕಚೇರಿಯ ಮುಂದೆ ಕುಳಿತು ಊರವರ ಅರ್ಜಿಗಳನ್ನು ಬರೆದುಕೊಟ್ಟೇ ಮುದುಕನಾದವನಿಗೆ, ಸ್ವಂತ ಅಹವಾಲನ್ನು ಬಾಯಲ್ಲಿ ಹೇಳಲು ಬರುವುದಿಲ್ಲ.

ಅಹವಾಲು ಇಷ್ಟೇ. ನಮ್ಮ ಹಳೆಯ ಬಿಳಿ ಕಾರಿನ ಕೀಲಿಯನ್ನು ಬಸವು ನನ್ನ ಕೈಯಿಂದ ತೆಗೆದುಕೊಂಡಿದ್ದಾನೆ. ಅದನ್ನು ಕೂಡಲೇ ನನಗೆ ವಾಪಸು ಕೊಡಿಸತಕ್ಕದ್ದು. ನಿನ್ನನ್ನು ಕರೆದುಕೊಂಡು ಬರಲು ನಾನೇ ಕಾರು ತರುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೇನೆ.

ನಡೆದ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ನಿವೇದಿಸುತ್ತೇನೆ. ಕಳೆದ ತಿಂಗಳು ಒಂದು ಸಂಜೆ ನಿನ್ನನ್ನು ನೋಡಿ ಬರೋಣವೆಂದು ಹೊರಟೆ. ಸದರಿ ಕಾರು ದಾರಿಯಲ್ಲಿ ವಿಚಿತ್ರವಾಗಿ ವರ್ತಿಸಿತು. ಬ್ರೇಕ್ ತುಳಿದರೆ ಇಂಡಿಕೇಟರ್ ಮಿನುಗುವುದು, ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗುವುದು, ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರಂತೆ ಅರ್ಧಕ್ಕೇ ನಿಲ್ಲುವುದು. ಕೊನೆಗೆ ಕಿಬ್ಬನಹಳ್ಳಿಯ ಅಂಗಡಿ ಸಾಲಿನ ಮುಂದೆ ಪೂರ್ತಿಯಾಗಿ ನಿಂತುಹೋಯಿತು. ಯಾರೋ ಪುಣ್ಯಾತ್ಮರು ಪಕ್ಕಕ್ಕೆ ತಳ್ಳಿಕೊಟ್ಟರು. ಸುದ್ದಿ ತಿಳಿದು ಬೈಕಿನಲ್ಲಿ ಓಡಿಬಂದ ಬಸವು ಕಾರಿನ ಕಡೆಗೆ ನೋಡಲೇ ಇಲ್ಲ, ನನ್ನನ್ನು ನೋಡಿದ.

“ಶೆಟ್ಟಿಕೆರೆಗೆ ಹೊರಟೋರು ಈ ಕಡೆ ಕಿಬ್ಬನಹಳ್ಳಿಗ್ಯಾಕೆ ಬಂದ್ರಿ ಅಪ್ಪಾಜಿ?”

ಎಡಬಲದ ಇಂಡಿಕೇಟರ್‌ಗಳು ತಮಗೆ ತೋಚಿದಂತೆ ಮಿನುಗುತ್ತಿದ್ದವಾದ್ದರಿಂದ ನಾನೂ ತಪ್ಪು ರಸ್ತೆಗೆ ತಿರುಗಿರಬಹುದೆಂದು ವಿವರಿಸಿದೆ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ದೋಷವು ತಂದೆಯ ತಲೆಯಲ್ಲಿದೆ ಎಂದು ಅವನ ವಾದ, ಕಾರಿನ ತಂತಿಯಲ್ಲಿದೆ ಎಂದು ನನ್ನ ವಾದ.

ನನ್ನ ವಾದಕ್ಕೆ ಪುರಾವೆಯೂ ಸಿಕ್ಕಿತು. ಕಾರನ್ನು ಮನೆಗೆ ಎಳೆಸಿ ತಂದ ಮೇಲೆ, ಕಾರಿನ ವೈರಿಂಗ್ ಕೆಲಸ ಮಾಡುವ ಮೋಹನ್ ಕುಮಾರ್ ಎಂಬವನನ್ನು ಅಲ್ಲಿಗೇ ಕರೆಸಿದೆ. ಅವನು ಮೊದಲು ಬ್ಯಾಟರಿಯದೇ ತಪ್ಪೆಂದು ಹೊಸ ಬ್ಯಾಟರಿ ಕೂರಿಸಿ, ಮೀಸೆ ತಿರುವಿಕೊಂಡು ಹೋದ. ಮಾರನೆಯ ಬೆಳಗ್ಗೆ ಬಸವು ಕೀಲಿ ತಿರುಗಿಸಿದರೆ ಕಾರು ಮತ್ತೆ ಮಿಸುಕಲಿಲ್ಲ. ಮಧ್ಯಾಹ್ನ ಬಿಸಿಲೇರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಬೆಳಗ್ಗೆ ಸತ್ತು ಮಧ್ಯಾಹ್ನ ಬದುಕುವ ಕಾರನ್ನು ನಾನಂತೂ ಕಂಡಿರಲಿಲ್ಲ. ಎರಡನೆಯ ಸಲ ಬಂದಾಗ ಅವನು ತಂತಿಗಳು ಒಂದಕ್ಕೊಂದು ಸೇರುವ ಕನೆಕ್ಟರ್‌ಗಳನ್ನು ಬಿಚ್ಚಿದ. ಒಳಗೆ ಬೆಣ್ಣೆಯಂತೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು.

“ಇದೇನ್ ಯಜಮಾನ್ರೇ, ಕಾರಿಗೆ ಒಗ್ಗರಣೆ ಕೊಟ್ಟಿದ್ದೀರಾ? ಸಾಸಿವೆ ಒಂದು ಹಾಕೋದು ಮರ್ತಿದ್ದೀರಿ ಕಣ್ರೀ!”

ನಾನು ನಗಲಿಲ್ಲ. ಅದು ನಿನ್ನ ಎಣ್ಣೆಯೆಂದು ನನಗೆ ಗೊತ್ತು. ಅಮಾವಾಸ್ಯೆ ಅಮಾವಾಸ್ಯೆಗೂ ನೀನು ಕಾರಿಗೆ ಪೂಜೆ ಮಾಡಿ, ತುಕ್ಕು ಹಿಡಿಯದಿರಲೆಂದು ದೇವರ ಮನೆಯ ಹಿತ್ತಾಳೆ ಬಟ್ಟಲಿನ ಕೊಬ್ಬರಿ ಎಣ್ಣೆಯನ್ನು ಬ್ಯಾಟರಿಗೂ, ಕೈಗೆ ಎಟುಕುವ ತಂತಿಗಳಿಗೂ ಬೆರಳಲ್ಲಿ ಸವರುತ್ತಿದ್ದೆ. ನಾನು ಬೇಡವೆಂದು ಗದರಿದರೆ “ನಿಮ್ಮ ಮಂಡಿಗೆ ಹಚ್ಚಲ್ವೇ, ಹಂಗೇ ಇದು” ಎನ್ನುತ್ತಿದ್ದೆ. ತಂತಿಯ ತುದಿಯ ಟರ್ಮಿನಲ್‌ಗಳು ಮೊದಲೇ ಸವೆದು ಸಡಿಲವಾಗಿದ್ದವು. ಎಣ್ಣೆ ಕಮಟಾಗಿ ಅವುಗಳ ತಾಮ್ರವೆಲ್ಲ ಹಸಿರು ತಿರುಗಿತ್ತು. ಬೆಳಗಿನ ಜಾವದ ಚಳಿಗೆ ಎಣ್ಣೆ ಗಟ್ಟಿಯಾದಾಗ ಕರೆಂಟು ಹಾಯುವುದಿಲ್ಲ, ಬಿಸಿಲಿಗೆ ಕರಗಿದಾಗ ಹಾಯುತ್ತದೆ ಎಂದು ಮೋಹನ್ ಕುಮಾರ್ ಹೇಳಿದ. ಕೆಟ್ಟ ತುದಿಗಳನ್ನು ಕತ್ತರಿಸಿ, ಒಳಗಿನ ತಂತಿ ಕೆಂಪಗೆ ಹೊಳೆಯುವವರೆಗೆ ಸುಲಿದು, ಹೊಸ ಟರ್ಮಿನಲ್‌ಗಳನ್ನು ಇಕ್ಕಳದಿಂದ ಅದುಮಿ, ಹೊಸ ಕನೆಕ್ಟರ್‌ಗಳಿಗೆ ಕೂರಿಸಿದ. ಹಾರ್ನ್ ಕೂಗಿದ ಸದ್ದಿಗೆ ಬೀದಿ ನಾಯಿಗಳೆಲ್ಲ ಎದ್ದು ನಿಂತವು.

“ಒಂದಷ್ಟು ದಿನ ನೋಡೋಣ ಅಪ್ಪಾಜಿ. ಕಾರು ಸರಿಯಾಗಿದ್ರೆ ಕೀಲಿ ನಿಮ್ಮದೇ,” ಎಂದ ಬಸವು. ದೋಷ ತಂತಿಯದೆಂದು ಅವನೂ ಒಪ್ಪಿದಂತಾಯಿತು.

ಆದರೆ ನಿನ್ನೆ ಬೆಳಗ್ಗೆ ಅದೇ ಕಾರು ಮತ್ತೆ ಸತ್ತಿತು. ಮೋಹನ್ ಕುಮಾರ್ ಬಂದು ಹೊಸ ಕನೆಕ್ಟರ್‌ಗಳನ್ನು ಬಿಚ್ಚಿ ನನ್ನ ಮುಂದೆ ಹಿಡಿದ. ಎಲ್ಲದರಲ್ಲೂ ಎಣ್ಣೆ, ಅದೂ ಹೊಸ ಎಣ್ಣೆ.

“ನಾನ್ ರಿಪೇರಿ ಮಾಡಿ ಹೋಗಿದ್ದೆ, ಯಾರೋ ಕೂರಿಸ್ಕೊಂಡು ಎಣ್ಣೆಸ್ನಾನ ಮಾಡ್ಸವ್ರೆ!” ಎಂದ.

ನೀನು ಶೆಟ್ಟಿಕೆರೆಯಲ್ಲಿರುವೆ. ಹಾಗಾದರೆ ಹಚ್ಚಿದವರು ಯಾರು? ಕಾರಿನ ಬಾಗಿಲಿಗೆ ಬೀಗ ಬೀಳದೆ ವರ್ಷಗಳಾದ್ದರಿಂದ ಯಾರು ಬೇಕಾದರೂ ಬಾನೆಟ್ ಎತ್ತಬಹುದು. ಇಂಪನಾಳನ್ನು ಕೇಳಿದೆ. “ನಾನು ಆ ಬಟ್ಟಲನ್ನೇ ಮುಟ್ಟಿಲ್ಲ ಮಾವ,” ಎಂದು ಕಣ್ಣು ತುಂಬಿಕೊಂಡಳು. ಅಂಗಳ ಗುಡಿಸುವ ಭೈರಮ್ಮನನ್ನು ಗದರಿದೆ. “ನನ್ ತಲೆಗೇ ಎಣ್ಣೆ ಕಂಡಿಲ್ಲ, ನಿಮ್ ಕಾರಿಗೆಲ್ಲಿಂದ ತಂದು ಹಾಕ್ಲಿ ಬುಡಿ ಯಜಮಾನ್ರೇ,” ಎಂದು ಪೊರಕೆ ಕುಕ್ಕಿದಳು. ಬಸವು ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ತನ್ನ ಪಾಡಿಗೆ ಕೊಬ್ಬರಿ ವ್ಯಾಪಾರದ ಮಂಡಿಗೆ ಹೋದ. ನನ್ನ ಕೈಗೆ ಕೀಲಿ ಸಿಗಬಾರದೆಂದು ಅವನೇ ಮಾಡಿಸಿದ್ದಾನೆಯೇ ಎಂಬ ಅನುಮಾನವೂ ಒಮ್ಮೆ ಸುಳಿಯಿತು. ಹೆತ್ತ ಮಗನ ಬಗ್ಗೆ ಹೀಗೆ ಯೋಚಿಸಿದೆನಲ್ಲ ಎಂದು ಊಟ ಸೇರಲಿಲ್ಲ. ನನಗೆ ಒಂದೂ ಅರ್ಥವಾಗುತ್ತಿಲ್ಲ ದ್ರಾಕ್ಷಾಯಣಿ.

ಆದಕಾರಣ ನಿನ್ನಲ್ಲಿ ಅರಿಕೆ: ಹೋಗುವಾಗ ನೀನೇ ಯಾರಿಗಾದರೂ ಎಣ್ಣೆ ಹಚ್ಚಲು ಹೇಳಿ ಹೋಗಿದ್ದರೆ ಮರೆಮಾಚದೆ ತಿಳಿಸು. ಹಾಗೂ ಬಸವುಗೆ ಬುದ್ಧಿ ಹೇಳಿ ಕೀಲಿ ಕೊಡಿಸು.

ಅಕ್ಕನವರಿಗೆ ನನ್ನ ನಮಸ್ಕಾರ. ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನ್ನ ಮುತ್ತೈದೆತನ ಬಹುಕಾಲ ನಿಲ್ಲಲಿ ಎಂದು ಹರಸಿದರೆ ನನ್ನ ಆಯಸ್ಸನ್ನೇ ಬೇಡಿದಂತಾಗುತ್ತದೆ; ಆದರೂ ಹರಸುತ್ತೇನೆ.

ಇಂತು ನಿನ್ನ,
ಪರಮಶಿವಯ್ಯ

ಮರೆತ ಮಾತು: ಮಡಿಸುವ ಮುನ್ನ ಒಮ್ಮೆ ಓದಿ ನೋಡೋಣವೆಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗಿನ ಮೂಲೆಯಲ್ಲಿ ಹೆಬ್ಬೆಟ್ಟಿನಗಲ ಕಾಗದ ಗಾಜಿನಂತಾಗಿ ಆಚೆಯ ತೆಂಗು ಕಾಣುತ್ತಿದೆ. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ. ಕೈ ನೋಡಿಕೊಂಡೆ. ಹಿತ್ತಾಳೆ ಬಟ್ಟಲು ನನ್ನ ಕುರ್ಚಿಯ ಪಕ್ಕದಲ್ಲೇ ಇದೆ. ಇವತ್ತು ನಾನು ದೇವರ ಮನೆಗೆ ಹೋದದ್ದೂ ನೆನಪಿಲ್ಲ, ಕಾರಿನ ಹತ್ತಿರ ಹೋದದ್ದೂ ನೆನಪಿಲ್ಲ. ನೀನಿಲ್ಲದ ಮನೆಯಲ್ಲಿ ನಿನ್ನ ಕೆಲಸವನ್ನು ಮಾಡುತ್ತಿದ್ದವನು ನಾನೇ ಇರಬೇಕು.

ಕೀಲಿಯ ಬಗ್ಗೆ ಮೇಲೆ ಮಾಡಿದ ಕೋರಿಕೆಯನ್ನು ಹಿಂಪಡೆದಿದ್ದೇನೆ. ನೀನು ಬಸ್ಸಿನಲ್ಲೇ ಬಾ. ಬಂದ ಮೇಲೆ ಆ ಬಟ್ಟಲನ್ನು ನನಗೆ ಸಿಗದ ಕಡೆ ಇಡು. ಎಲ್ಲಿಟ್ಟೆಯೆಂದು ನಾನು ಎಷ್ಟೇ ಜೋರು ಮಾಡಿ ಕೇಳಿದರೂ ಹೇಳಬೇಡ.