ಹಕ್ಕಿ ಬಿಡಿಸ್ತಾ ಇದೀನಿ

ಜೂನ್ ೮, ಭಾನುವಾರ

ಪ್ರೀತಿಯ ಪುಟ್ಟಿಗೆ, ಅಕ್ಕನ ಅಕ್ಕರೆಯ ನೆನಪುಗಳು.

ಅಕ್ಷರ ನೋಡಿ ಯಾವುದೋ ಮಗು ಬರೆದಿದೆ ಅಂದುಕೊಳ್ಳಬೇಡ. ಈ ಕಾಗೆ ಕಾಲು ಗುಬ್ಬಿ ಕಾಲು ನನ್ನದೇ, ಎಡಗೈಯದು. ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ, ಕೋಪ ಮೂಗಿನ ತುದಿಯಲ್ಲೇ ತಾನೇ ನಿನಗೆ! "ನೀನು ಹೇಳು, ನಾನು ಬರ್ಕೊಡ್ತೀನಿ" ಅಂತ ನಿನ್ನ ಭಾವ ದುಂಬಾಲು ಬಿದ್ದರು. ನಾನೇ ಒಪ್ಪಲಿಲ್ಲ. ನಿನಗೆ ನಾನೇ ಬರೆಯಬೇಕು ಅನಿಸಿತು, ಎಡಗೈ ಸ್ವಲ್ಪ ಪಳಗಲಿ ಅಂತ ಕಾದೆ. ತಡವಾಯಿತು, ಬೈದುಕೊಳ್ಳಬೇಡ.

ಬಲಗೈ ಮುರಿದಿದೆ. ಬಿದ್ದು ಮುರಿದುಕೊಂಡದ್ದಲ್ಲ, ಮುರಿದರು.

ಈ ಸಲ ನಾವು ದೊಡ್ಡ ಜೌಗು ಕೆರೆಗೆ ಹೊರಟದ್ದು ನಿನಗೆ ಗೊತ್ತಲ್ಲ. ಚಳಿ ಮುಗಿದು ವಲಸೆ ಹಕ್ಕಿಗಳು ವಾಪಸು ಹೊರಡುವ ಹೊತ್ತು. ನಿನ್ನ ಭಾವ ಟೈಲರ್ ಅಂಗಡಿಗೆ ಬೀಗ ಜಡಿದು, ನಾನು ಅಡಗಿ ಕೂತು ಚಿತ್ರ ಬಿಡಿಸಲು ಹುಲ್ಲುಬಣ್ಣದ ಬಟ್ಟೆಯ ಮರೆಯೊಂದನ್ನು ಹೊಲಿದುಕೊಂಡು ಜೊತೆಗೆ ಬಂದರು. ಮದುವೆಯಾದಾಗಿನಿಂದ ಅಷ್ಟೇ, ನಾನು ಯಾವ ಕೆಸರಿಗೆ ಇಳಿದರೂ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಆ ಮನುಷ್ಯ ಹಿಂದೆ ಇರುತ್ತಾರೆ.

ಹೊಸ ಮನೆಯ ಹಜಾರಕ್ಕೆ ಮುದ್ದಾದ ಜೋಡಿ ಹಕ್ಕಿ ಬೇಕು ಅಂತ ನೀನು ಬರೆದಿದ್ದೆ. ಅಲ್ವೇ, ಹಕ್ಕಿ ಮುದ್ದು ಅಂತ ಯಾರೇ ಹೇಳಿದ್ದು ನಿನಗೆ? ಮೊದಲ ಬೆಳಿಗ್ಗೆಯೇ ಗಿಡುಗವೊಂದು ಬಾತುಕೋಳಿಯ ಬೆನ್ನ ಮೇಲೆ ನಿಂತು, ಅದಿನ್ನೂ ಅರಚುತ್ತಿರುವಾಗಲೇ ಬಗೆದು ತಿಂದಿತು. ನನ್ನ ಪೆನ್ಸಿಲ್ ನಿಲ್ಲಲಿಲ್ಲ. ಬಾತಿನ ಕಣ್ಣು ಆರಿಹೋದದ್ದನ್ನೂ ಬರೆದುಕೊಂಡೆ. ಗಿಡುಗದ ಮೇಲೆ ಸಿಟ್ಟು ಬರಲಿಲ್ಲ, ಪಾಪ, ಅದಕ್ಕೆ ಹಸಿವು.

ಮೈ ಉರಿದದ್ದು ಬಲೆಯವರನ್ನು ನೋಡಿ. ಜೊಂಡಿನ ನಡುವೆ ಕಂಬ ನೆಟ್ಟು, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಬಲೆ ಕಟ್ಟಿರುತ್ತಾರೆ. ಸಿಕ್ಕಿದ ಹಕ್ಕಿ ಒದ್ದಾಡಿದಷ್ಟೂ ನೂಲು ಮಾಂಸಕ್ಕೆ ಇಳಿಯುತ್ತದೆ. ಬೆಳಗಾದ ಮೇಲೆ ಹರಟೆ ಹೊಡೆಯುತ್ತ ಬಂದು, ಒದ್ದೆ ಬಟ್ಟೆ ಹಿಂಡುವ ಹಾಗೆ ಒಂದೊಂದರ ಕತ್ತನ್ನೂ ತಿರುಚಿ ಚೀಲಕ್ಕೆ ತುಂಬುತ್ತಾರೆ. ರೆಕ್ಕೆ ಕಿತ್ತುಬಂದ ಕೊಕ್ಕರೆಯೊಂದನ್ನು ಕಾಲು ಹಿಡಿದು ಕಂಬಕ್ಕೆ ಬಡಿದರು. ಸಾಯಲಿಲ್ಲ, ಮತ್ತೆ ಬಡಿದರು. ನಿನ್ನ ಭಾವ ಅಲ್ಲೇ ವಾಂತಿ ಮಾಡಿಕೊಂಡು, "ಇವರ ಕೈ ಸೇದಿಹೋಗ" ಅಂತ ಶಾಪ ಹಾಕಿದರು.

ಅದಾದ ಮೇಲೆ ಯಾರೋ ಬಲೆ ಕತ್ತರಿಸತೊಡಗಿದರು. ಬಲೆಯವರು ಬರುವಷ್ಟರಲ್ಲಿ ನೂಲೆಲ್ಲ ತುಂಡಾಗಿ ಹಕ್ಕಿಗಳು ಹಾರಿಹೋಗಿರುತ್ತಿದ್ದವು. ಅವರು ರೊಚ್ಚಿಗೆದ್ದಿದ್ದರು.

ಆ ದಿನ ಮರೆಯೊಳಗೆ ಕೂತು ನೀರುಕೋಳಿಯೊಂದನ್ನು ಬರೆಯುತ್ತಿದ್ದೆ. ನಿನ್ನ ಭಾವ ತಿಂಡಿ ತರುತ್ತೇನೆ ಅಂತ ಹೋಗಿದ್ದರು. ಪರ್ರನೆ ಬಟ್ಟೆ ಹರಿಯಿತು. ನೋಡುವಷ್ಟರಲ್ಲಿ ನನ್ನ ತುರುಬು ಯಾರದೋ ಮುಷ್ಟಿಯಲ್ಲಿತ್ತು. ಎಳೆದು ಕೆಸರಿಗೆ ಕೆಡವಿದರು. ಮೂವರಿದ್ದರು. ಅವರಲ್ಲಿ ದೊಡ್ಡವನು, ಒಬ್ಬ ಹಲ್ಲುಮುಕ್ಕ, ಎದೆಯ ಮೇಲೆ ಕಾಲಿಟ್ಟು, "ಏನ್ ಮಾಡ್ತಿದೀಯ ಇಲ್ಲಿ?" ಅಂದ.

ನಾನು ಏನಂದೆ ಹೇಳು ನೋಡೋಣ? "ಹಕ್ಕಿ ಬಿಡಿಸ್ತಾ ಇದೀನಿ" ಅಂದೆ!

ಬುದ್ಧಿ ತಿಳಿದಾಗಿನಿಂದ ಅದೇ ನನ್ನ ಕೆಲಸ, ಬಾಯಿಗೆ ಬೇರೆ ಮಾತು ಬರಬೇಕಲ್ಲ? "ಕೇಳಿದ್ರೇನ್ರೋ! ಬಿಡಿಸ್ತಾಳಂತೆ! ನಾಚಿಕೆ ಇಲ್ದೆ ಬಾಯ್ಬಿಟ್ಟು ಹೇಳ್ತಾಳೆ!" ಅಂದವನೇ ಹೊಟ್ಟೆಗೆ ಒದ್ದ. "ಕಾಗದದ ಮೇಲೆ ಕಣ್ರಪ್ಪಾ, ಕಾಗದದ ಮೇಲೆ!" ಅಂತ ಬಾಯಿ ಬಡಿದುಕೊಂಡೆ. ಕಡೆಗೆ ನನ್ನ ಬಲಗೈಯನ್ನು ತಮ್ಮ ದೋಣಿಯ ಅಂಚಿಗೆ ಒತ್ತಿ ಹಿಡಿದು ಹುಟ್ಟಿನಿಂದ ಬಡಿದರು. ಮೊದಲ ಏಟಿಗೆ ಬೆರಳು, ಆಮೇಲಿನದಕ್ಕೆ ಮಣಿಕಟ್ಟು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ನಿನ್ನ ಭಾವ ಓಡಿಬರುವಷ್ಟರಲ್ಲಿ ದೋಣಿ ಹೊರಟುಹೋಗಿತ್ತು.

ಎಲುಬು ಕೂಡಿದೆ, ಹೆಬ್ಬೆರಳು ಮಡಚುವುದಿಲ್ಲ. "ಚಮಚ ಹಿಡೀಬಹುದು. ಬ್ರಶ್ ಮರೆತುಬಿಡಿ" ಅಂದಳು ಡಾಕ್ಟರಮ್ಮ. ಅಷ್ಟು ಸಲೀಸಾಗಿ ಅಂದುಬಿಟ್ಟಳು! ನಿನ್ನ ಬಾಯಿಗಿಷ್ಟು ಮಣ್ಣು ಹಾಕ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಮನೆಗೆ ಬಂದು ಎಡಗೈಯಲ್ಲಿ ಕೊಕ್ಕರೆ ಬರೆಯಲು ಹೋದರೆ ಕೊಡೆಯ ಹಾಗೆ ಬಂತು. ಗೋಡೆಗೆ ಬಣ್ಣದ ಬಟ್ಟಲು ಎಸೆದೆ. ನಿನ್ನ ಭಾವ ಗೋಡೆ ಒರೆಸಿದರು. ತಲೆ ಬಾಚುತ್ತಾರೆ, ತುತ್ತು ಮಾಡಿ ಬಾಯಿಗಿಡುತ್ತಾರೆ. ನೋಡಲು ಬಂದವರಿಗೆಲ್ಲ, "ಒಂದೇ ಒಂದು ಪದ ನೋಡಿ, ಅದಕ್ಕೆ ಇವಳ ಕೈ ಹೋಯ್ತು" ಅಂತ ಕಥೆ ಹೇಳುತ್ತಾರೆ. ಬಂದವರು ನಗುತ್ತಾರೆ, ಲೊಚಗುಟ್ಟುತ್ತಾರೆ. ನಾನೂ ನಗುತ್ತೇನೆ.

ಗಿಡುಗದ ಚಿತ್ರ ಕಳಿಸುತ್ತಿದ್ದೇನೆ, ಹಜಾರದಲ್ಲಿ ಅದನ್ನೇ ತೂಗುಹಾಕು. ಬಲಗೈಯಲ್ಲಿ ಬರೆದು ಮುಗಿಸಿದ ಕಡೆಯ ಚಿತ್ರ ಅದು. ಮನೆ ತಣ್ಣಗಿರಲಿ, ಮಕ್ಕಳು ಗಟ್ಟಿಮುಟ್ಟಾಗಿರಲಿ, ನಿನ್ನ ಕೈಗೆ ಒಂದು ಮುಳ್ಳೂ ಚುಚ್ಚದಿರಲಿ.

ನಿನ್ನ
ಅಕ್ಕ

ಮಡಚುವ ಮೊದಲು ಇನ್ನೊಂದು ಮಾತು. ಇದಿಷ್ಟನ್ನು ಓದಿ ಹರಿದುಹಾಕು.

ಕೈ ಹೋದದ್ದು ಆ ಪದಕ್ಕಲ್ಲ. ನನ್ನ ಮಾತು ಅವರಿಗೆ ಅರ್ಥವಾಗಿತ್ತು. ಹಲ್ಲುಮುಕ್ಕ ಕೆಸರಿನಿಂದ ಹಾಳೆ ಎತ್ತಿ ನೋಡಿ, "ಥೂ, ಬರೀ ಚಿತ್ರ ಕಣ್ರೋ. ಹೋಗ್ಲಿ ಬಿಡ್ರೋ" ಅಂದಿದ್ದ. ನಾನು ಎದ್ದೂ ನಿಂತಿದ್ದೆ. ಅಷ್ಟರಲ್ಲಿ ಇನ್ನೊಬ್ಬ ಬಲೆಯ ಬುಡದಲ್ಲಿ ಸಿಕ್ಕಿತು ಅಂತ ಒಂದು ಕತ್ತರಿ ತಂದ. "ಇದ್ಯಾರ್ದು?" ಟೈಲರ್ ಕತ್ತರಿ, ಹಿಡಿಗೆ ಕೆಂಪು ಬಟ್ಟೆ ಸುತ್ತಿತ್ತು. ಹೆಬ್ಬೆರಳಿಗೆ ಒತ್ತುತ್ತದೆ ಅಂದರು ಅಂತ ಆ ಬಟ್ಟೆ ಸುತ್ತಿಕೊಟ್ಟವಳು ನಾನೇ.

"ನಂದೇ" ಅಂದೆ.

ಆಗ ಪಕ್ಕದ ಜೊಂಡಿನೊಳಗೆ ಯಾರೋ ಕೆಮ್ಮು ನುಂಗಿಕೊಂಡರು. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವಳಿಗೆ ಆ ಕೆಮ್ಮು ಯಾರದೆಂದು ತಿಳಿಯುವುದಿಲ್ಲವೇ? ಮೊದಲ ಏಟು ಬಿದ್ದಾಗ, ಈಗ ಬರುತ್ತಾರೆ ಅಂದುಕೊಂಡೆ. ಆಮೇಲಿನದೂ ಬಿತ್ತು. ಕತ್ತರಿಯ ಸುದ್ದಿ ನಿನ್ನ ಭಾವ ಎತ್ತಿಲ್ಲ, ನಾನೂ ಕೇಳಿಲ್ಲ.

ಅಷ್ಟು ಹಕ್ಕಿಗಳನ್ನು ಬಿಡಿಸಿದವರು ಕಣೇ, ನನ್ನನ್ನು ಬಿಡಿಸಲು ಬರಲಿಲ್ಲ.